ಬೆಕ್ಕಿಗೂ ಸಕ್ಕರೆ ಕಾಯಿಲೆ: ಮನೆಯಲ್ಲೇ ರಕ್ತ ಪರೀಕ್ಷೆ ಏಕೆ, ಹೇಗೆ?

ಪಶು ಚಿಕಿತ್ಸಾಲಯದ ಹಜಾರದಲ್ಲಿ ಬುಟ್ಟಿಯೊಳಗೆ ಮುದುಡಿ ಕುಳಿತ ಬೆಕ್ಕು. ಎದುರಿನ ಬೆಂಚಿನ ಬಳಿ ಬೊಗಳುತ್ತಿರುವ ಎರಡು ನಾಯಿಗಳು. ಮೂಗಿಗೆ ಬಡಿಯುವ ಔಷಧದ ಘಾಟು. ಸರದಿ ಬಂದಾಗ ಅಪರಿಚಿತ ಕೈಗಳು ಅದನ್ನು ಮೇಜಿನ ಮೇಲೆ ಅದುಮಿ ಹಿಡಿದು ರಕ್ತ ತೆಗೆಯುತ್ತವೆ. ಮೀಟರ್ 340 ಎಂದು ತೋರಿಸುತ್ತದೆ. ಅದೇ ಬೆಕ್ಕು ಮನೆಗೆ ಮರಳಿ, ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದಾಗ ಪರೀಕ್ಷಿಸಿದರೆ ಸಕ್ಕರೆಯ ಪ್ರಮಾಣ 150 ಇದ್ದೀತು.

ಇವೆರಡರಲ್ಲಿ ಸುಳ್ಳು ಯಾವುದು? ಯಾವುದೂ ಅಲ್ಲ. ಆದರೆ ಮೊದಲನೆಯದರಲ್ಲಿ ಭಯದ ಪಾಲೂ ಸೇರಿದೆ. ಆ ಸಂಖ್ಯೆಯನ್ನು ನಂಬಿ ಇನ್ಸುಲಿನ್ ಪ್ರಮಾಣವನ್ನು ಏರಿಸಿದರೆ, ಮನೆಗೆ ಬಂದು ಶಾಂತವಾದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಮಧುಮೇಹವಿರುವ ಬೆಕ್ಕಿನ ರಕ್ತವನ್ನು ಅದು ವಾಸಿಸುವ ಮನೆಯಲ್ಲೇ ಪರೀಕ್ಷಿಸುವ ಕ್ರಮ ಕಳೆದ ಎರಡೂವರೆ ದಶಕಗಳಲ್ಲಿ ಪಶುವೈದ್ಯಕೀಯದಲ್ಲಿ ನೆಲೆಯೂರಲು ಇದೇ ಮುಖ್ಯ ಕಾರಣ.

ರೋಗದ ಸ್ವರೂಪ

ಸಕ್ಕರೆ ಕಾಯಿಲೆ ಮನುಷ್ಯರಿಗೆ ಮಾತ್ರ ಬರುವಂಥದ್ದೆಂಬ ಭಾವನೆ ಅನೇಕರಲ್ಲಿದೆ. ವಾಸ್ತವದಲ್ಲಿ ನಾಯಿ, ಬೆಕ್ಕುಗಳೆರಡಕ್ಕೂ ಅದು ಬರುತ್ತದೆ. ಬ್ರಿಟನ್‌ನಲ್ಲಿ ಸರಿಸುಮಾರು ಇನ್ನೂರು ಬೆಕ್ಕುಗಳಲ್ಲಿ ಒಂದಕ್ಕೆ ಈ ರೋಗವಿದೆಯೆಂದು ಅಲ್ಲಿನ ಅಧ್ಯಯನಗಳು ಅಂದಾಜು ಮಾಡಿವೆ. ನಾಯಿಗಳಲ್ಲಿ ಇನ್ಸುಲಿನ್ ಉತ್ಪಾದನೆಯೇ ನಿಂತುಹೋಗುವುದು ಸಾಮಾನ್ಯ. ಬೆಕ್ಕುಗಳಲ್ಲಿ ಕಾಣುವ ಮಧುಮೇಹ ಬಹುಮಟ್ಟಿಗೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸಿದರೂ ದೇಹದ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಹೆಚ್ಚು ಹೆಚ್ಚು ಸ್ರವಿಸಿ ದಣಿದ ಗ್ರಂಥಿ ಕ್ರಮೇಣ ಸೋಲುತ್ತದೆ.

ನಡುವಯಸ್ಸು ದಾಟಿದ, ಬೊಜ್ಜು ಬಂದ, ಮನೆಯೊಳಗೇ ಇದ್ದು ಓಡಾಟ ಕಡಿಮೆಯಾದ ಬೆಕ್ಕುಗಳಿಗೆ ಅಪಾಯ ಹೆಚ್ಚು. ಸಂತಾನಹರಣ ಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆ. ಅಲರ್ಜಿ, ಉಬ್ಬಸಗಳಿಗಾಗಿ ದೀರ್ಘಕಾಲ ಸ್ಟೀರಾಯ್ಡ್ ಕೊಟ್ಟಿದ್ದರೂ ಬರಬಹುದು. ಬೆಂಗಳೂರಿನಂತಹ ನಗರಗಳಲ್ಲಿ ಫ್ಲಾಟ್‌ನ ನಾಲ್ಕು ಗೋಡೆಗಳ ನಡುವೆ, ಬಟ್ಟಲಲ್ಲಿ ಸದಾ ತುಂಬಿರುವ ಒಣ ಆಹಾರ ತಿನ್ನುತ್ತ ಬೆಳೆಯುವ ಬೆಕ್ಕುಗಳ ಮಾಲೀಕರು ಈ ಪಟ್ಟಿಯನ್ನು ಗಮನಿಸುವುದು ಒಳಿತು.

ಲಕ್ಷಣಗಳು ಮನುಷ್ಯರಲ್ಲಿ ಕಾಣುವಂಥವೇ: ಅತಿಯಾದ ಬಾಯಾರಿಕೆ, ಅತಿಮೂತ್ರ, ಚೆನ್ನಾಗಿ ತಿಂದರೂ ಇಳಿಯುವ ತೂಕ. ಮರಳಿನ ತಟ್ಟೆಯಲ್ಲಿ ಮೂತ್ರದ ಉಂಡೆಗಳು ದಿನೇ ದಿನೇ ದೊಡ್ಡದಾಗತೊಡಗಿದರೆ ಅದೇ ಮೊದಲ ಸೂಚನೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ಆಯುರ್ವೇದ ಗ್ರಂಥಗಳು ರೋಗಲಕ್ಷಣವಾಗಿ ಗುರುತಿಸಿವೆ. 'ಮಧುಮೇಹ' ಎಂಬ ಹೆಸರೂ ಮೂತ್ರದ ಆ ಸಿಹಿಯಿಂದಲೇ ಬಂದದ್ದು. ರೋಗ ಮುಂದುವರಿದ ಕೆಲವು ಬೆಕ್ಕುಗಳು ಹಿಂಗಾಲುಗಳ ನರ ದುರ್ಬಲಗೊಂಡು, ಬೆರಳಿನ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗುತ್ತವೆ.

ಭಯವೂ ಸಕ್ಕರೆ ಏರಿಸುತ್ತದೆ

ಆರೋಗ್ಯವಂತ ಬೆಕ್ಕಿನ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 70ರಿಂದ 150 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಮನುಷ್ಯರಲ್ಲಿ ಈ ಪ್ರಮಾಣ 180 ದಾಟಿದರೆ ಸಕ್ಕರೆ ಮೂತ್ರಕ್ಕೆ ಇಳಿಯತೊಡಗುತ್ತದೆ. ಬೆಕ್ಕಿನ ಮೂತ್ರಪಿಂಡ ಸುಮಾರು 270ರವರೆಗೂ ಸಕ್ಕರೆಯನ್ನು ತಡೆದು ನಿಲ್ಲಿಸಬಲ್ಲದು. ಆದ್ದರಿಂದ ಮೂತ್ರ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೆ, ಸಕ್ಕರೆ ತೀರಾ ಕೆಳಗೆ ಇಳಿದಿದೆಯೇ, ಸರಿಯಾಗಿದೆಯೇ ಅಥವಾ 250 ಇದೆಯೇ ಎಂಬುದು ತಿಳಿಯುವುದಿಲ್ಲ. ಮೂರೂ ಸಂದರ್ಭಗಳಲ್ಲಿ ಪಟ್ಟಿ ತೋರಿಸುವುದು ಒಂದೇ: ಸಕ್ಕರೆ ಇಲ್ಲ.

ರಕ್ತ ಪರೀಕ್ಷೆಗೆ ಬೇರೊಂದು ತೊಡಕಿದೆ. ಬೆದರಿದ ಬೆಕ್ಕಿನ ದೇಹದಲ್ಲಿ ಅಡ್ರಿನಲಿನ್ ಮತ್ತು ಅದರ ಬಳಗದ ಹಾರ್ಮೋನುಗಳು ಹರಿಯುತ್ತವೆ. ಓಡಲು ಅಥವಾ ಹೋರಾಡಲು ಬೇಕಾದ ಶಕ್ತಿಗಾಗಿ ಯಕೃತ್ತು ತನ್ನ ದಾಸ್ತಾನಿನ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಎಲ್ಲ ಪ್ರಾಣಿಗಳಲ್ಲೂ ನಡೆಯುವ ಈ ಕ್ರಿಯೆ ಬೆಕ್ಕಿನಲ್ಲಿ ಬಲು ತೀವ್ರ. ರೋಗವೇ ಇಲ್ಲದ ಬೆಕ್ಕಿನಲ್ಲೂ ಆಸ್ಪತ್ರೆಯ ಮೇಜಿನ ಮೇಲೆ 300ರ ಆಸುಪಾಸಿನ ಸಂಖ್ಯೆ ಕಂಡುಬರುವುದುಂಟು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾಕಿ ರ್‍ಯಾಂಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಆರೋಗ್ಯವಂತ ಬೆಕ್ಕುಗಳಿಗೆ ಐದು ನಿಮಿಷ ನೀರು ಚಿಮುಕಿಸಿ ಸ್ನಾನ ಮಾಡಿಸಲಾಯಿತು. ಬೆಕ್ಕಿಗೆ ನೀರೆಂದರೆ ಆಗದೆಂಬುದು ಮನೆಮಾತು. ಬಿಡಿಸಿಕೊಳ್ಳಲು ಒದ್ದಾಡಿದ ಬೆಕ್ಕುಗಳ ರಕ್ತದಲ್ಲಿ ಸಕ್ಕರೆ ಸರ್ರನೆ ಏರಿತು. ಅದರೊಂದಿಗೆ ಒತ್ತಡದ ಹಾರ್ಮೋನಿನ ಪ್ರಮಾಣವೂ ಏರಿತ್ತು.

ಹಾಗಾಗಿ ರೋಗವನ್ನು ಖಚಿತಪಡಿಸಲು ವೈದ್ಯರು ಒಂದು ಬಾರಿಯ ಸಂಖ್ಯೆಯನ್ನಷ್ಟೇ ನಂಬುವುದಿಲ್ಲ. ಲಕ್ಷಣಗಳು, ಮೂತ್ರದಲ್ಲಿನ ಸಕ್ಕರೆ ಹಾಗೂ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯನ್ನು ಒಟ್ಟಿಗೆ ನೋಡುತ್ತಾರೆ. ಫ್ರಕ್ಟೋಸಮೈನ್ ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವುದರಿಂದ ಅರೆಗಳಿಗೆಯ ಭಯ ಅದನ್ನು ಬದಲಿಸಲಾರದು. ಆದರೆ ಸರಾಸರಿಗೂ ತನ್ನದೇ ಮಿತಿಯಿದೆ. ಬೆಳಿಗ್ಗೆ 400, ಮಧ್ಯಾಹ್ನ 50 ಎಂದು ಉಯ್ಯಾಲೆಯಾಡುವ ಸಕ್ಕರೆಯ ಸರಾಸರಿ ಮೇಲ್ನೋಟಕ್ಕೆ ಸಮಾಧಾನಕರವಾಗಿಯೇ ಕಾಣುತ್ತದೆ. ದಿನದ ಯಾವ ಹೊತ್ತಿನಲ್ಲಿ ಏನಾಗುತ್ತಿದೆ ಎಂಬುದನ್ನು ತಿಳಿಯಲು ಮನೆಯಲ್ಲಿ ಅಳೆಯುವುದೇ ಸರಿಯಾದ ಮಾರ್ಗ.

ಕಿವಿಯಂಚಿಗೆ ಬಂದ ಸೂಜಿ

ಮನುಷ್ಯರ ವಿಷಯದಲ್ಲೂ ಈ ದಾರಿ ಸುಲಭವಾಗಿ ತೆರೆಯಲಿಲ್ಲ. ರಕ್ತದ ಸಕ್ಕರೆ ಅಳೆಯುವ ಮೊದಲ ಯಂತ್ರಗಳು 1970ರ ಸುಮಾರಿಗೆ ಅಮೆರಿಕದಲ್ಲಿ ಬಂದಾಗ ಅವು ವೈದ್ಯರಿಗಷ್ಟೇ ಮಾರಾಟವಾಗುತ್ತಿದ್ದವು. ಸ್ವತಃ ಮಧುಮೇಹಿಯಾಗಿದ್ದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರ್, ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಯಂತ್ರವೊಂದನ್ನು ತರಿಸಿಕೊಂಡು ಮನೆಯಲ್ಲೇ ಪರೀಕ್ಷೆ ಆರಂಭಿಸಿದರು. ರೋಗಿಯೇ ಸಕ್ಕರೆ ಅಳೆದುಕೊಳ್ಳಬಹುದೆಂಬ ಅವರ ವಾದಕ್ಕೆ ಆರಂಭದಲ್ಲಿ ವೈದ್ಯಲೋಕ ಕಿವಿಗೊಡಲಿಲ್ಲ. ಅವರು ಮುಂದೆ ತಾವೇ ವೈದ್ಯಕೀಯ ಓದಿ ವೈದ್ಯರಾದರು. ಇಂದು ಗ್ಲೂಕೋಮೀಟರ್ ಇಲ್ಲದ ಮಧುಮೇಹಿಯ ಮನೆ ಅಪರೂಪ.

ಬೆಕ್ಕಿನ ವಿಷಯದಲ್ಲಿ ಎದುರಾದ ಪ್ರಶ್ನೆ ಬೇರೆ: ರಕ್ತ ತೆಗೆಯುವುದು ಎಲ್ಲಿಂದ? ಕಾಲು ಅಥವಾ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚುವುದು ಮನೆಯವರಿಂದ ಆಗುವ ಕೆಲಸವಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ವಿಶ್ವವಿದ್ಯಾಲಯದ ಪಶುವೈದ್ಯರಾದ ಗೆರ್ಹಾರ್ಡ್ ವೆಸ್ ಮತ್ತು ಕ್ಲೌಡಿಯಾ ರೋಯಿಶ್ 2000ದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕಿವಿಯಂಚನ್ನು ಚುಚ್ಚಿ ಪಡೆದ ಒಂದು ಹನಿ ರಕ್ತ, ಕಿಸೆಯಲ್ಲಿಟ್ಟುಕೊಳ್ಳುವ ಮೀಟರಿಗೆ ಸಾಕೆಂದು ಅವರು ತೋರಿಸಿದರು. ಅದೇ ಸಂಸ್ಥೆಯ ತಂಡ, ಮಾಲೀಕರೇ ದೀರ್ಘಕಾಲ ಮನೆಯಲ್ಲಿ ಪರೀಕ್ಷಿಸಿದ 26 ಬೆಕ್ಕುಗಳ ಅನುಭವವನ್ನು 2004ರಲ್ಲಿ ಪ್ರಕಟಿಸಿತು. ಆಸ್ಪತ್ರೆಯಲ್ಲಿ ಮತ್ತು ಮನೆಯಲ್ಲಿ ಅಳೆದ ಅಂಕಿಗಳನ್ನು ಹೋಲಿಸಿದಾಗ, ಚಿಕಿತ್ಸೆಯ ನಿರ್ಧಾರವೇ ಬದಲಾಗುವಷ್ಟು ಅಂತರ ಹಲವು ಸಲ ಕಂಡುಬಂದಿತು. 'ಬೆಕ್ಕಿಗೆ ಗಂಟೆ ಕಟ್ಟುವವರು ಯಾರು' ಎಂಬ ಗಾದೆಯ ಪ್ರಶ್ನೆಗೆ ಈ ವಿಷಯದಲ್ಲಂತೂ ಉತ್ತರ ಸಿಕ್ಕಿತು: ಅದನ್ನು ಸಾಕಿದವರೇ.

ಪರೀಕ್ಷೆಯ ಕ್ರಮ

ಮೊದಲ ಬಾರಿ ವೈದ್ಯರ ಎದುರಿನಲ್ಲೇ ಮಾಡಿ ಕಲಿಯುವುದು ಕ್ಷೇಮ. ಮುಂದೆ ಮನೆಯಲ್ಲಿ ಅನುಸರಿಸಬೇಕಾದ ಹೆಜ್ಜೆಗಳು ಹೀಗಿವೆ.

ಮೊದಲು ಅಭ್ಯಾಸ. ಸೂಜಿ ಮುಟ್ಟುವ ಮುನ್ನ ಕೆಲವು ದಿನ ಬೆಕ್ಕನ್ನು ಪ್ರತಿದಿನ ಒಂದೇ ಜಾಗದಲ್ಲಿ ಕೂರಿಸಿ, ಕಿವಿಯನ್ನು ಮೆಲ್ಲಗೆ ಸವರಿ, ಕೊನೆಯಲ್ಲಿ ಬೇಯಿಸಿದ ಕೋಳಿಮಾಂಸದ ಒಂದು ಚೂರನ್ನು ಕೊಡಬೇಕು. ಆ ಜಾಗವೆಂದರೆ ತಿನಿಸು ಎಂಬ ನಂಟು ಅದರ ಮನಸ್ಸಿನಲ್ಲಿ ಮೂಡಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಶಾಖ. ತಣ್ಣಗಿನ ಕಿವಿಯಿಂದ ರಕ್ತ ಬರುವುದಿಲ್ಲ. ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಅಥವಾ ಒಣ ಅಕ್ಕಿ ತುಂಬಿ ಬೆಚ್ಚಗೆ ಮಾಡಿದ ಪುಟ್ಟ ಬಟ್ಟೆಯ ಗಂಟನ್ನು ಅರ್ಧದಿಂದ ಒಂದು ನಿಮಿಷ ಕಿವಿಗೆ ಒತ್ತಿ ಹಿಡಿಯಬೇಕು. ಬಿಸಿ ಎಷ್ಟಿದೆಯೆಂದು ಮೊದಲು ತಮ್ಮ ಮುಂಗೈ ಮೇಲೆ ನೋಡಿಕೊಳ್ಳಬೇಕು.

ಮೂರನೆಯದು ಚುಚ್ಚುವ ಸ್ಥಾನ. ಕಿವಿಯ ಹೊರ ಅಂಚಿನುದ್ದಕ್ಕೂ ಸಣ್ಣ ರಕ್ತನಾಳವೊಂದು ಸಾಗುತ್ತದೆ. ಹಿಂದಿನಿಂದ ಬೆಳಕು ಬಿದ್ದರೆ ಅದು ಎದ್ದು ಕಾಣುತ್ತದೆ. ಚುಚ್ಚಬೇಕಾದದ್ದು ಆ ನಾಳಕ್ಕಲ್ಲ. ನಾಳಕ್ಕೂ ಕಿವಿಯಂಚಿಗೂ ನಡುವಿನ ತೆಳು ಪಟ್ಟಿಗೆ. ಅಲ್ಲಿ ವ್ಯಾಸಲೀನನ್ನು ತೆಳ್ಳಗೆ ಸವರಿದರೆ ರಕ್ತ ಕೂದಲಿಗೆ ಹರಡದೆ ಮಣಿಯಂತೆ ನಿಲ್ಲುತ್ತದೆ. ಕಿವಿಯ ಹಿಂಬದಿಗೆ ಹತ್ತಿಯ ಉಂಡೆಯನ್ನು ಆಧಾರವಾಗಿ ಹಿಡಿದರೆ ಸೂಜಿ ಬೆರಳಿಗೆ ತಗಲುವುದು ತಪ್ಪುತ್ತದೆ. ಸ್ಪಿರಿಟ್ ಹಚ್ಚಬಾರದು. ಅದು ಉರಿ ತರುತ್ತದೆ, ಕಿವಿಯನ್ನು ಮತ್ತೆ ತಣ್ಣಗಾಗಿಸುತ್ತದೆ ಮತ್ತು ರಕ್ತದೊಡನೆ ಬೆರೆತರೆ ಫಲಿತಾಂಶವನ್ನೂ ಕೆಡಿಸಬಹುದು. ಕಿವಿ ಶುಭ್ರವಾಗಿದ್ದರೆ ಸಾಕು.

ನಾಲ್ಕನೆಯದು ಹನಿ. ಮೀಟರಿಗೆ ಪಟ್ಟಿಯನ್ನು ಮೊದಲೇ ಸಿಕ್ಕಿಸಿ ಸಿದ್ಧವಾಗಿಟ್ಟುಕೊಂಡು, ಲ್ಯಾನ್ಸೆಟ್ ಎಂಬ ಪುಟ್ಟ ಸೂಜಿಯಿಂದ ಒಮ್ಮೆ ಚುರುಕಾಗಿ ಚುಚ್ಚಬೇಕು. ಕೆಲವು ಮೀಟರ್‌ಗಳಿಗೆ 0.3 ಮೈಕ್ರೋಲೀಟರ್ ರಕ್ತ ಸಾಕು. ಅದು ಸಾಸಿವೆ ಕಾಳಿಗಿಂತಲೂ ಚಿಕ್ಕ ಹನಿ. ಪಟ್ಟಿಯ ತುದಿಯನ್ನು ಹನಿಗೆ ತಾಗಿಸಿದರೆ ಅದೇ ರಕ್ತವನ್ನು ಹೀರಿಕೊಳ್ಳುತ್ತದೆ. ಬಳಿಕ ಹತ್ತಿಯಿಂದ ಕೆಲವು ಸೆಕೆಂಡು ಒತ್ತಿ ಹಿಡಿದು, ಬೆಕ್ಕಿಗೆ ಸಲ್ಲಬೇಕಾದ ತಿನಿಸನ್ನು ಕೊಡಬೇಕು. ಎರಡು ಪ್ರಯತ್ನಗಳಲ್ಲಿ ಹನಿ ಬಾರದಿದ್ದರೆ ಬಿಟ್ಟುಬಿಡುವುದು ಲೇಸು. ಹಿಡಿದು ಹೋರಾಡಿ ಪಡೆದ ಸಂಖ್ಯೆ ಮತ್ತೆ ಭಯದ ಸಂಖ್ಯೆಯೇ. ಕಿವಿ ಮುಟ್ಟಗೊಡದ ಬೆಕ್ಕುಗಳಿಗೆ ಪಾದದ ಮೆತ್ತೆಯಿಂದ ರಕ್ತ ಪಡೆಯುವ ಕ್ರಮವೂ ಇದೆ.

ಮನೆಯಲ್ಲಿ ಹಿರಿಯರಿಗೆ ಮಧುಮೇಹವಿದ್ದರೆ ಅವರ ಚುಚ್ಚುವ ಸಾಧನ ಮತ್ತು ಲ್ಯಾನ್ಸೆಟ್‌ಗಳನ್ನು ಬೆಕ್ಕಿಗೆ ಬಳಸಲೇಬಾರದು. ಬಳಸಿದ ಸೂಜಿಗಳನ್ನು ಕಸದ ಚೀಲಕ್ಕೆ ಹಾಗೆಯೇ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಗ್ರಹಿಸಿ ಚಿಕಿತ್ಸಾಲಯಕ್ಕೆ ಒಪ್ಪಿಸುವುದು ಸರಿಯಾದ ಕ್ರಮ. ಪಟ್ಟಿಗಳಿಗೆ ತೇವಾಂಶ ಶತ್ರು. ಕರಾವಳಿಯ ಮಳೆಗಾಲದಲ್ಲಿ ಪಟ್ಟಿಯ ಡಬ್ಬಿಯನ್ನು ತೆರೆದಿಟ್ಟರೆ ಅದು ತೋರುವ ಅಂಕಿಯನ್ನು ನಂಬುವಂತಿಲ್ಲ.

ಅಜ್ಜನ ಮೀಟರ್ ಬೆಕ್ಕಿಗೆ ಸರಿಯೇ?

ರಕ್ತದಲ್ಲಿನ ಗ್ಲೂಕೋಸ್ ಪ್ಲಾಸ್ಮಾ ದ್ರವ ಹಾಗೂ ಕೆಂಪು ರಕ್ತಕಣಗಳ ನಡುವೆ ಹಂಚಿಹೋಗಿರುತ್ತದೆ. ಮನುಷ್ಯರಲ್ಲಿ ಸುಮಾರು ಶೇ. 58 ಪ್ಲಾಸ್ಮಾದಲ್ಲಿ, ಶೇ. 42 ಕಣಗಳಲ್ಲಿ. ಬೆಕ್ಕಿನಲ್ಲಿ ಸುಮಾರು ಶೇ. 93 ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ರಕ್ತಕ್ಕೆ ಹೊಂದಿಸಿದ ಮೀಟರ್ ಈ ಕಾರಣದಿಂದ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ತಯಾರಾದ 'ಆಲ್ಫಾಟ್ರ್ಯಾಕ್'ನಂತಹ ಮೀಟರ್‌ಗಳಲ್ಲಿ ನಾಯಿಗೆ, ಬೆಕ್ಕಿಗೆ ಪ್ರತ್ಯೇಕ ಹೊಂದಾಣಿಕೆ ಇರುತ್ತದೆ.

ಹಾಗೆಂದು ಮನುಷ್ಯರ ಮೀಟರ್ ನಿರುಪಯುಕ್ತವಲ್ಲ. ಅನೇಕರು ಅದನ್ನೇ ಬಳಸುತ್ತಾರೆ. ಆದರೆ ಮೂರು ಷರತ್ತುಗಳಿವೆ. ಸದಾ ಒಂದೇ ಮೀಟರನ್ನು ಬಳಸಬೇಕು. ಯಾವ ಮೀಟರ್ ಎಂಬುದನ್ನು ವೈದ್ಯರಿಗೆ ತಿಳಿಸಿ, ಅದಕ್ಕೆ ಹೊಂದುವ ಗುರಿಯನ್ನು ಕೇಳಿ ಪಡೆಯಬೇಕು. ಒಂದು ಮೀಟರಿನ ಅಂಕಿಯನ್ನು ಮತ್ತೊಂದರ ಅಂಕಿಯೊಡನೆ ಹೋಲಿಸಬಾರದು. ವಿದೇಶಿ ಪುಸ್ತಕಗಳಲ್ಲಿ ಮಿಲಿಮೋಲ್ ಲೆಕ್ಕದಲ್ಲಿ ಕೊಟ್ಟಿರುವ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಮ್ಮಲ್ಲಿ ಬಳಕೆಯಲ್ಲಿರುವ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. ಅಲ್ಲಿನ 10 ಇಲ್ಲಿನ 180.

ಯಾವಾಗ ಅಳೆಯಬೇಕು?

ಬಹುತೇಕ ಬೆಕ್ಕುಗಳಿಗೆ 12 ತಾಸಿಗೊಮ್ಮೆ ಇನ್ಸುಲಿನ್ ಕೊಡಲಾಗುತ್ತದೆ. ಪ್ರತಿ ಚುಚ್ಚುಮದ್ದಿಗೆ ಮುನ್ನ ಒಂದು ಬಾರಿ ಅಳೆಯುವುದು ಮೊದಲ ಕಾವಲು. ಆ ಸಂಖ್ಯೆ ನಿಗದಿತ ಗೆರೆಗಿಂತ ಕೆಳಗಿದ್ದರೆ ಅಂದಿನ ಇನ್ಸುಲಿನ್ ಕೊಡದೆ ವೈದ್ಯರಿಗೆ ಕರೆ ಮಾಡಬೇಕು. ಗೆರೆ ಎಲ್ಲಿರಬೇಕೆಂಬುದು ಪ್ರತಿ ಬೆಕ್ಕಿಗೂ ಬೇರೆ. ಅದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ಹೊಸದಾಗಿ ಆರಂಭಿಸಿದವರಿಗೆ 200ರ ಆಸುಪಾಸಿನ ಗೆರೆಯನ್ನು ಹಾಕಿಕೊಡುವ ವಾಡಿಕೆಯುಂಟು.

ಎರಡನೆಯದು 'ಸಕ್ಕರೆ ರೇಖೆ'. ಬೆಳಗಿನ ಆಹಾರ ಹಾಗೂ ಇನ್ಸುಲಿನ್‌ಗೆ ಮುನ್ನ ಮೊದಲ ಅಳತೆ, ಅಲ್ಲಿಂದ ಎರಡೆರಡು ತಾಸಿಗೊಮ್ಮೆ ಸಂಜೆಯ ಚುಚ್ಚುಮದ್ದಿನವರೆಗೆ ಅಳೆದು ಕಾಗದದಲ್ಲಿ ಗುರುತಿಸಿದರೆ ಇಳಿಜಾರೊಂದು ಮೂಡುತ್ತದೆ. ಅದರ ಅತಿ ತಗ್ಗಿನ ಬಿಂದು ಯಾವುದು, ಎಷ್ಟು ತಾಸಿನ ನಂತರ ಬಂತು, ಇನ್ಸುಲಿನ್ ಪರಿಣಾಮ ಎಷ್ಟು ಹೊತ್ತು ಉಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಈ ರೇಖೆ ಉತ್ತರಿಸುತ್ತದೆ. ಅತಿ ತಗ್ಗಿನ ಬಿಂದು 80ರಿಂದ 150ರ ನಡುವೆ ಇರಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ದೀಪಾವಳಿಯ ಪಟಾಕಿ ಸದ್ದಿನ ದಿನವನ್ನೋ, ಮನೆ ತುಂಬ ನೆಂಟರಿರುವ ದಿನವನ್ನೋ ಈ ಕಾರ್ಯಕ್ಕೆ ಆರಿಸಿಕೊಂಡರೆ ರೇಖೆ ದಾರಿ ತಪ್ಪಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿ ಅಳೆಯುವುದೆಂದರೆ ಮನೆಯಲ್ಲೇ ಔಷಧ ನಿರ್ಧರಿಸುವುದೆಂದಲ್ಲ. ಒಂದು ದಿನದ ಹೆಚ್ಚಿನ ಅಂಕಿಯನ್ನು ಕಂಡು ಗಾಬರಿಯಿಂದ ಇನ್ಸುಲಿನ್ ಏರಿಸುವುದು ಅತ್ಯಂತ ಅಪಾಯಕರ. ಅಂಕಿ, ಸಮಯ, ತಿಂದ ಆಹಾರ, ಕೊಟ್ಟ ಇನ್ಸುಲಿನ್ ಇಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರ ಮುಂದಿಡುವುದು ಮಾಲೀಕರ ಕರ್ತವ್ಯ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಏರಿದ್ದಕ್ಕಿಂತ ಇಳಿದದ್ದೇ ಅಪಾಯ

ಸಕ್ಕರೆ ಕೆಲವು ದಿನ 300 ಇದ್ದರೆ ಬೆಕ್ಕು ತಕ್ಷಣಕ್ಕೆ ಸಾಯುವುದಿಲ್ಲ. 60ಕ್ಕಿಂತ ಕೆಳಗೆ ಜಾರಿದರೆ ಕೆಲವೇ ತಾಸುಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ನಿಶ್ಶಕ್ತಿ, ತೂರಾಡುವ ನಡಿಗೆ, ಮಂಕು, ನಡುಕ, ಕೊನೆಗೆ ಸೆಳವು ಇದರ ಲಕ್ಷಣಗಳು. ಬೆಕ್ಕು ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಆಹಾರ ಕೊಡಬೇಕು. ಇಲ್ಲವಾದರೆ ಜೇನುತುಪ್ಪ ಅಥವಾ ಗ್ಲೂಕೋಸ್ ಪಾಕವನ್ನು ಒಸಡಿಗೆ ಸವರಿ ಆಸ್ಪತ್ರೆಗೆ ಧಾವಿಸಬೇಕು. ಪ್ರಜ್ಞೆಯಿಲ್ಲದ ಬೆಕ್ಕಿನ ಗಂಟಲಿಗೆ ದ್ರವ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಭಾರತದಲ್ಲಿ ಈ ಅಪಾಯಕ್ಕೆ ಮತ್ತೊಂದು ಬಾಗಿಲಿದೆ. ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವ ಮಾನವ ಇನ್ಸುಲಿನ್ ಸೀಸೆಗಳು ಬಹುಪಾಲು ಪ್ರತಿ ಮಿಲಿಲೀಟರಿಗೆ 40 ಯೂನಿಟ್‌ನವು. ಬೆಕ್ಕುಗಳಿಗೆ ಹೆಚ್ಚಾಗಿ ಬಳಕೆಯಾಗುವ ಗ್ಲಾರ್ಜಿನ್ ಇನ್ಸುಲಿನ್ ಸಾಮಾನ್ಯವಾಗಿ 100 ಯೂನಿಟ್‌ನದು. ಸಿರಿಂಜ್‌ಗಳೂ ಎರಡು ಬಗೆ: 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 40ರ ಸಿರಿಂಜ್‌ನಲ್ಲಿ 100ರ ಇನ್ಸುಲಿನ್ ತುಂಬಿದರೆ, ಒಂದು ಯೂನಿಟ್ ಎಂದು ಭಾವಿಸಿ ಕೊಟ್ಟದ್ದು ವಾಸ್ತವದಲ್ಲಿ ಎರಡೂವರೆ ಯೂನಿಟ್ ಆಗಿರುತ್ತದೆ. ನಾಲ್ಕು ಕಿಲೋ ತೂಗುವ ಪ್ರಾಣಿಗೆ ಇದು ಸಣ್ಣ ತಪ್ಪಲ್ಲ. ಸೀಸೆಯ ಮೇಲಿನ ಸಂಖ್ಯೆ ಮತ್ತು ಸಿರಿಂಜ್‌ನ ಮೇಲಿನ ಸಂಖ್ಯೆ ಒಂದೇ ಆಗಿದೆಯೇ ಎಂದು ಪ್ರತಿ ಬಾರಿ ಖರೀದಿಸುವಾಗಲೂ ನೋಡಿಕೊಳ್ಳಬೇಕು.

ಇನ್ಸುಲಿನ್ ನಿಲ್ಲುವ ದಿನವೂ ಬರಬಹುದು

ಬೆಕ್ಕಿನ ಮಧುಮೇಹದಲ್ಲಿ ಆಶಾದಾಯಕ ಸಂಗತಿಯೊಂದಿದೆ. ರೋಗ ಪತ್ತೆಯಾದ ಆರಂಭದಲ್ಲೇ ಸಕ್ಕರೆಯನ್ನು ಚೆನ್ನಾಗಿ ಹತೋಟಿಗೆ ತಂದರೆ, ದಣಿದ ಗ್ರಂಥಿ ಚೇತರಿಸಿಕೊಂಡು ಇನ್ಸುಲಿನ್ ಇಲ್ಲದೆಯೇ ಬೆಕ್ಕು ಬದುಕಬಲ್ಲದು. ಜರ್ಮನಿಯ ಕರ್ಸ್ಟನ್ ರೂಂಪ್ ಮತ್ತು ಜಾಕಿ ರ್‍ಯಾಂಡ್ 2009ರಲ್ಲಿ ಇಂತಹ 55 ಬೆಕ್ಕುಗಳ ವಿವರ ಪ್ರಕಟಿಸಿದರು. ಮಾಲೀಕರು ಮನೆಯಲ್ಲಿ ದಿನಕ್ಕೆ ಹಲವು ಬಾರಿ ರಕ್ತ ಪರೀಕ್ಷಿಸುತ್ತ, ನಿಶ್ಚಿತ ನಿಯಮಾವಳಿಯಂತೆ ಗ್ಲಾರ್ಜಿನ್ ನೀಡಿದ್ದರು. ಒಟ್ಟು ಶೇ. 64ರಷ್ಟು ಬೆಕ್ಕುಗಳು ಇನ್ಸುಲಿನ್‌ನಿಂದ ಮುಕ್ತವಾದವು. ರೋಗ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮ ಆರಂಭಿಸಿದವುಗಳಲ್ಲಿ ಈ ಪ್ರಮಾಣ ಶೇ. 84, ತಡವಾಗಿ ಆರಂಭಿಸಿದವುಗಳಲ್ಲಿ ಶೇ. 35. ಇವರು ಬಹಳ ಆಸಕ್ತಿ ವಹಿಸಿದ ಮಾಲೀಕರೆಂಬುದನ್ನು, ಹೋಲಿಕೆಗೆ ಮತ್ತೊಂದು ಗುಂಪು ಇರಲಿಲ್ಲವೆಂಬುದನ್ನು ನೆನಪಿಡಬೇಕು. ಆದರೂ ಆರಂಭದ ತಿಂಗಳುಗಳ ಬೆಲೆ ಏನೆಂಬುದನ್ನು ಈ ಅಂಕಿಗಳು ಹೇಳುತ್ತವೆ. ಮುಕ್ತವಾದ ಬೆಕ್ಕಿಗೂ ರೋಗ ಮರುಕಳಿಸಬಹುದಾದ್ದರಿಂದ ಆಗಾಗ್ಗೆ ಅಳೆಯುವುದನ್ನು ಬಿಡುವಂತಿಲ್ಲ.

ಇದರಲ್ಲಿ ಆಹಾರದ ಪಾತ್ರ ಹಿರಿದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಪಿಷ್ಟವನ್ನು ಅರಗಿಸಿಕೊಂಡು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ಕಡಿಮೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬೆಕ್ಕಿಗೆ ಹಾಕುತ್ತ ಬಂದ ಹಾಲನ್ನ ಇಲಿ ಹಿಡಿದು ತಿಂದು ಊರೆಲ್ಲ ಸುತ್ತುವ ಬೆಕ್ಕಿಗೆ ಬಾಧಿಸದಿದ್ದೀತು. ಫ್ಲಾಟ್‌ನಲ್ಲಿ ಮಲಗಿರುವ ಮಧುಮೇಹಿ ಬೆಕ್ಕಿಗೆ ಅದು ಹಿತವಲ್ಲ. ಒಣ ಆಹಾರದ ಹಲವು ಬಗೆಗಳಲ್ಲೂ ಪಿಷ್ಟ ಹೆಚ್ಚು. ಮಾಂಸಾಂಶ ಹೆಚ್ಚಿರುವ, ಪಿಷ್ಟ ಕಡಿಮೆಯಿರುವ ಹಸಿ ಬಗೆಯ ಸಿದ್ಧ ಆಹಾರವನ್ನು ವೈದ್ಯರು ಸೂಚಿಸುತ್ತಾರೆ. ಆದರೆ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರವನ್ನು ವೈದ್ಯರಿಗೆ ತಿಳಿಸದೆ ಒಮ್ಮೆಲೇ ಬದಲಿಸಿದರೆ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿ, ಸಕ್ಕರೆ ಕುಸಿಯುತ್ತದೆ. ಆಹಾರ ಬದಲಿಸುವ ದಿನಗಳಲ್ಲಿ ಮನೆಯ ಪರೀಕ್ಷೆ ಇನ್ನಷ್ಟು ಅನಿವಾರ್ಯ.

ಹೊಸ ಸಾಧನ, ಹೊಸ ಔಷಧ

ಮನುಷ್ಯರಿಗೆಂದು 2014ರಲ್ಲಿ ಯುರೋಪಿನಲ್ಲಿ ಬಿಡುಗಡೆಯಾದ 'ಫ್ರೀಸ್ಟೈಲ್ ಲಿಬ್ರೆ' ಎಂಬ ನಾಣ್ಯದಗಲದ ಸಂವೇದಕವನ್ನು ಈಗ ಬೆಕ್ಕುಗಳಿಗೂ ಅಂಟಿಸಲಾಗುತ್ತಿದೆ. ಕೂದಲು ಬೋಳಿಸಿದ ಚರ್ಮಕ್ಕೆ ವೈದ್ಯರು ಅದನ್ನು ಕೂರಿಸಿದರೆ, ಚರ್ಮದಡಿಯ ದ್ರವದ ಸಕ್ಕರೆಯನ್ನು ಅದು ಅಳೆಯುತ್ತಿರುತ್ತದೆ. ಹದಿನಾಲ್ಕು ದಿನದ ಅವಧಿ ಮುಗಿಯುವ ಮುನ್ನವೇ ಬೆಕ್ಕಿನ ಮೈಯಿಂದ ಕಳಚಿಬೀಳುವುದು ಸಾಮಾನ್ಯ. ತೀರಾ ಕಡಿಮೆ ಅಂಕಿ ತೋರಿದಾಗ ಕಿವಿಯ ರಕ್ತದಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬೆಕ್ಕುಗಳಿಗಾಗಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿ ಅನುಮೋದನೆ ನೀಡಿತು. ದಿನಕ್ಕೊಮ್ಮೆ ಬಾಯಿಯ ಮೂಲಕ ಕೊಡುವ ಇವು ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹಿಂದೆ ಇನ್ಸುಲಿನ್ ಪಡೆದಿರದ, ಬೇರೆ ದೃಷ್ಟಿಯಿಂದ ಆರೋಗ್ಯವಾಗಿರುವ ಬೆಕ್ಕುಗಳಿಗಷ್ಟೇ ಈ ಅನುಮೋದನೆ. ಇವುಗಳನ್ನು ಸೇವಿಸುವ ಬೆಕ್ಕಿನಲ್ಲಿ ಸಕ್ಕರೆ ಸರಿಯಾಗಿ ಕಂಡರೂ ಕೀಟೋನ್ ಎಂಬ ವಿಷಕಾರಿ ಆಮ್ಲಗಳು ಶೇಖರವಾಗುವ ಸಂಭವವಿದೆ. ಆದ್ದರಿಂದ ಸಕ್ಕರೆಯ ಜತೆಗೆ ಕೀಟೋನ್ ಪರೀಕ್ಷೆಯೂ ಬೇಕು. ಚುಚ್ಚುಮದ್ದು ತಪ್ಪಿದರೂ ಅಳತೆ ತಪ್ಪದು.

ಒಂದು ಹನಿಯ ಬೆಲೆ

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಪಶುವೈದ್ಯರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮಧುಮೇಹ ಪತ್ತೆಯಾದ ಸಾಕುಪ್ರಾಣಿಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ರೋಗ ತಿಳಿದ ಕೂಡಲೇ ದಯಾಮರಣ ಕೊಡಲಾಗುತ್ತಿದೆ. ರೋಗವೇ ಕೈಮೀರಿದ್ದರಿಂದ ಮಾತ್ರವಲ್ಲ. ಖರ್ಚು, ಚುಚ್ಚುಮದ್ದಿನ ಅಂಜಿಕೆ, ಮನೆಮಂದಿಯ ದಿನಚರಿಯ ಮೇಲೆ ಬೀಳುವ ಹೊರೆ ಇವೂ ಈ ನಿರ್ಧಾರದ ಹಿಂದಿವೆ.

ಈ ಹೊರೆ ಸುಳ್ಳಲ್ಲ. ಪಟ್ಟಿ, ಸೂಜಿ, ಇನ್ಸುಲಿನ್ ಖರ್ಚು ತಿಂಗಳು ತಿಂಗಳೂ ಬರುತ್ತದೆ. ಊರಿಗೆ ಹೋಗಬೇಕೆಂದರೆ ನೆರೆಮನೆಯವರಿಗೆ ಚುಚ್ಚುವುದನ್ನು ಕಲಿಸಬೇಕು. ಯಾವ ಉಪಾಯಕ್ಕೂ ಬಗ್ಗದೆ ಪರಚುವ ಬೆಕ್ಕುಗಳೂ ಇವೆ. ಅಂಥವುಗಳ ಪಾಲಿಗೆ ತೂಕ, ಕುಡಿಯುವ ನೀರಿನ ಪ್ರಮಾಣ, ಮರಳಿನ ತಟ್ಟೆಯ ಉಂಡೆಗಳ ಗಾತ್ರ ಹಾಗೂ ಕಾಲಕಾಲಕ್ಕೆ ಫ್ರಕ್ಟೋಸಮೈನ್ ಪರೀಕ್ಷೆ ಇವನ್ನೇ ಆಧರಿಸಿ ಚಿಕಿತ್ಸೆ ಮುಂದುವರಿಸಬಹುದು. ಮನೆಯಲ್ಲಿ ರಕ್ತ ಪರೀಕ್ಷಿಸಲಾಗದ ಮಾಲೀಕರು ತಪ್ಪಿತಸ್ಥರೇನೂ ಅಲ್ಲ.

ಆದರೆ ಸಾಧ್ಯವಿರುವವರು ಹಿಂಜರಿಯಬೇಕಾಗಿಲ್ಲ. ಕಿವಿಯಂಚಿನಲ್ಲಿ ನೋವಿನ ನರಗಳು ಕಡಿಮೆ. ಒಗ್ಗಿಕೊಂಡ ಬೆಕ್ಕುಗಳು ಮೀಟರಿನ ಸದ್ದು ಕೇಳಿದೊಡನೆ ತಿನಿಸಿನ ಆಸೆಗೆ ತಾವೇ ಬಂದು ಕೂರುವುದುಂಟು. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿನ ಸ್ವಭಾವವೆಂದು ಲೋಕ ಆಡಿಕೊಳ್ಳುತ್ತದೆ. ಅದರ ರಕ್ತದಲ್ಲಿ ಏನು ನಡೆಯುತ್ತಿದೆಯೆಂದು ನೋಡದೆ ಇನ್ಸುಲಿನ್ ಕೊಡುವವರದೂ ಅದೇ ಬಗೆ. ಸಿರಿಂಜ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಹನಿ ರಕ್ತವನ್ನು ನೋಡುವುದು, ಆ ಕಣ್ಣನ್ನು ತೆರೆದಿಡುವ ಸುಲಭ ಉಪಾಯ.